ಬೆತ್ತದ ಕುರ್ಚಿಯಲ್ಲಿ ಕೂತು ಹಾರಿದ ಕಾಲ

ಕೇಳುಗರಿಗೆಲ್ಲ ನಮಸ್ಕಾರ.

1914ರ ಜನವರಿ 1. ಅಮೆರಿಕದ ಫ್ಲಾರಿಡಾದಲ್ಲಿ ಟೋನಿ ಜಾನಸ್ ಎಂಬ ಪೈಲಟ್ ಒಬ್ಬನೇ ಒಬ್ಬ ಪ್ರಯಾಣಿಕನನ್ನು ಕೂರಿಸಿಕೊಂಡು ಸೇಂಟ್ ಪೀಟರ್ಸ್‌ಬರ್ಗ್‌ನಿಂದ ಟ್ಯಾಂಪಾಗೆ ಹಾರಿದರು. ನೀರಿನ ಮೇಲಿಂದ ಏಳುವ ಪುಟ್ಟ ವಿಮಾನ ಅದು. ಪ್ರಯಾಣಿಕ ಕೂತದ್ದು ಪೈಲಟ್ ಪಕ್ಕದಲ್ಲೇ, ಮರದ ಹಲಗೆಯ ಮೇಲೆ. ತಲೆಯ ಮೇಲೆ ಸೂರಿಲ್ಲ. ದಾರಿ 23 ನಿಮಿಷದ್ದು, ಹೇಗೋ ನಡೆಯಿತು.

ಮೊದಲ ಮಹಾಯುದ್ಧ ಮುಗಿದ ಮೇಲೆ ಹಾಗೆ ನಡೆಯುವಂತಿರಲಿಲ್ಲ. ಬಾಂಬ್ ಹೊರಲೆಂದು ರೂಪಿಸಿದ್ದ ಫಾರ್ಮನ್ ಗೋಲಿಯಾತ್‌ನಂಥ ವಿಮಾನಗಳು 1919ರಿಂದ ಜನರನ್ನು ಹೊರತೊಡಗಿದವು. ಅವುಗಳ ಒಳಗೆ ಹಾಕಿದ್ದು ಏನು ಗೊತ್ತಾ? ಬೆತ್ತದ ಕುರ್ಚಿ! ನಾವು ಜಗಲಿಯಲ್ಲಿ ಹಾಕಿಕೊಳ್ಳುತ್ತೇವಲ್ಲ, ಹೆಚ್ಚುಕಡಿಮೆ ಅಂಥದ್ದೇ. ಇದು ಸುಮ್ನೆ ಶೋಕಿಗೆ ಮಾಡಿದ್ದಲ್ಲ. ಆಗಿನ ಎಂಜಿನ್‌ಗಳಿಗೆ ಕಸುವು ಕಡಿಮೆ. ಕುರ್ಚಿ ಭಾರವಾದರೆ ಒಬ್ಬ ಪ್ರಯಾಣಿಕನನ್ನೋ ಒಂದಿಷ್ಟು ಪೆಟ್ರೋಲನ್ನೋ ಕೆಳಗೆ ಬಿಡಬೇಕು. ಸಾಮಾನಿನ ಜೊತೆ ಪ್ರಯಾಣಿಕರನ್ನೂ ತೂಕ ಹಾಕುತ್ತಿದ್ದ ಕಾಲ ಅದು. ಬೆತ್ತ ಹಗುರ. ಎಂಜಿನ್ನಿನ ನಡುಕಕ್ಕೆ ತಾನೂ ಒಂಚೂರು ಬಾಗುತ್ತದೆ. ಕೈಲಿದ್ದ ಸಾಮಗ್ರಿಯಲ್ಲಿ ಅದು ಜಾಣ ಆಯ್ಕೆಯೇ ಅಂತ ನನಗನ್ನಿಸುತ್ತದೆ.

ಆದರೆ ವಿಮಾನ ನೆಲಕ್ಕೆ ಬಡಿದರೆ? ಬೆತ್ತದ ಕುರ್ಚಿ ಕೂತವರನ್ನು ಹಿಡಿದಿಡಲಾರದು. ಅದಕ್ಕೇ ಜರ್ಮನಿಯ ಯುಂಕರ್ಸ್ ಎಫ್ 13 ನನಗೆ ತುಂಬಾ ಇಷ್ಟ. ಅದೂ 1919ರದ್ದೇ. ಪೂರ್ತಿ ಲೋಹದ ಮೈ, ಒಳಗೆ ನಾಲ್ಕೇ ಜನ, ಮೆತ್ತನೆಯ ಸೀಟು, ಜೊತೆಗೆ ಸೊಂಟದ ಬೆಲ್ಟು. ಅಷ್ಟು ಬೇಗ ಪ್ರಯಾಣಿಕನ ಜೀವದ ಬಗ್ಗೆ ಯೋಚಿಸಿದ್ದರಲ್ಲ!

ಬೆತ್ತ ಮಾತ್ರ ಅಷ್ಟು ಸುಲಭಕ್ಕೆ ಜಾಗ ಬಿಡಲಿಲ್ಲ. 1926ರ ಫೋರ್ಡ್ ಟ್ರೈಮೋಟರ್‌ನಲ್ಲೂ ಮೊದಮೊದಲು ಅದೇ ಕುರ್ಚಿ. ಮೂರು ಎಂಜಿನ್‌ಗಳ ಗದ್ದಲಕ್ಕೆ ಕಿವಿಗೆ ಹತ್ತಿ ಇಟ್ಟುಕೊಂಡು ಕೂರಬೇಕಿತ್ತು. 1933ರ ಬೋಯಿಂಗ್ 247ರಲ್ಲಿ ಹತ್ತು ಸೀಟು. ಆದರೆ ರೆಕ್ಕೆಯ ತೊಲೆ ನಡುವೆಯೇ ಅಡ್ಡ ಹಾದಿತ್ತು, ಅದನ್ನು ದಾಟಿಯೇ ಆಚೆ ಹೋಗಬೇಕು. ಡಗ್ಲಾಸ್ ಕಂಪನಿಯವರು ತೊಲೆಯನ್ನು ನೆಲದಡಿಗೆ ಇಳಿಸಿದರು. ನಡುಕ ಮೈಗೆ ತಾಗದಿರಲಿ ಅಂತ ಸೀಟುಗಳಿಗೆ ರಬ್ಬರಿನ ಆಸರೆ ಕೊಟ್ಟರು. ಅದೇ ವಂಶದ ಡಿಸಿ-3 1935ರ ಡಿಸೆಂಬರ್‌ನಲ್ಲಿ ಹಾರಿತು. ಅದರಲ್ಲಿ 21 ಜನ ಆರಾಮಾಗಿ ಕೂರಬಹುದಿತ್ತು.

ಯುದ್ಧಕ್ಕೆ ಹೋದ ಡಿಸಿ-3ಗಳೇ ಡಕೋಟಾ. ಅವುಗಳಲ್ಲಿ ಸೈನಿಕರಿಗೆ ಗೋಡೆಗುಂಟ ಬೆಂಚು, ಎದುರುಬದುರು ಕೂರಬೇಕು. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಂಥ ಡಕೋಟಾಗಳನ್ನು ದುರಸ್ತಿ ಮಾಡಿ, ಸಾಮಾನ್ಯ ಪ್ರಯಾಣಿಕರ ಓಡಾಟಕ್ಕೆ ಸಜ್ಜು ಮಾಡಿದವರಲ್ಲಿ ನಮ್ಮ ಬೆಂಗಳೂರಿನ ಎಚ್‌ಎಎಲ್ ಕೆಲಸಗಾರರೂ ಇದ್ದರು.

ನಮಸ್ಕಾರ.