ನೂಕಬೇಡಿ, ಮೊದಲು ಕೇಳಿ

ನಮಸ್ಕಾರ. ಕಳೆದ ಸಂಚಿಕೆಯನ್ನು ಕೇಳಿದವರೊಬ್ಬರು ಹೀಗೆ ಬರೆದಿದ್ದಾರೆ: ‘ಬದಲಾವಣೆಗೆ ಹೆದರುವವರನ್ನು ನೀರಿಗೆ ನೂಕಿಬಿಡಬೇಕು, ಈಜು ತಾನಾಗಿಯೇ ಬರುತ್ತದೆ.’ ಎರಡು ದಿನಗಳಿಂದ ಈ ಮಾತು ನನ್ನನ್ನು ಕೊರೆಯುತ್ತಿದೆ. ನೀರಿಗಿಳಿಯದೆ ಈಜು ಬಾರದೆಂಬುದು ನಿಜ. ಆದರೆ ತಾನಾಗಿ ಇಳಿಯುವುದು ಬೇರೆ, ನೂಕಿಸಿಕೊಂಡು ಬೀಳುವುದು ಬೇರೆ. ಹೆದರಿದವರಿಗೆ ನಿಜವಾಗಿ ನೆರವಾಗಬೇಕೆಂದಿದ್ದರೆ, ಏನು ಕೈತಪ್ಪಿ ಹೋಗುತ್ತದೆಂದು ಅವರು ಅಂಜಿದ್ದಾರೆ ಎಂಬುದನ್ನು ಮೊದಲು ಕೇಳಬೇಕು.

ಹಿಂದೆ ನಾನಿದ್ದ ಕಚೇರಿಯಲ್ಲಿ ಲೆಕ್ಕ ಬರೆಯುವ ಹಿರಿಯರೊಬ್ಬರಿದ್ದರು. ಲೆಡ್ಜರ್ ಹೋಗಿ ಕಂಪ್ಯೂಟರ್ ಬಂದ ದಿನ ಅವರು ತೋರುಬೆರಳನ್ನು ಕೀಲಿಮಣೆಗೆ ತಾಗಿಯೂ ತಾಗದಂತೆ ಹಿಡಿದು ಕುಳಿತೇ ಇದ್ದರು. ಮೂರು ಸಲ ತರಬೇತಿ ಕೊಟ್ಟರೂ ಆ ಬೆರಳು ಕೆಳಗಿಳಿಯಲಿಲ್ಲ. ‘ನಿಮಗೆ ಏನು ಅಳುಕು, ಸರ್?’ ಎಂದು ಕೊನೆಗೊಮ್ಮೆ ಕೇಳಿದಾಗ, ‘ಹಳೆಯ ಲೆಕ್ಕ ಬೇಕಾದರೆ ಎಲ್ಲರೂ ನನ್ನ ಹತ್ತಿರ ಬರುತ್ತಿದ್ದರು, ಇನ್ನು ಯಾರು ಬರುತ್ತಾರೆ?’ ಎಂದರು. ಅವರ ಭಯ ಯಂತ್ರದ್ದಾಗಿರಲೇ ಇಲ್ಲ! ಹಳೆಯ ಪುಸ್ತಕಕ್ಕೂ ಹೊಸ ದಾಖಲೆಗೂ ತಾಳೆ ನೋಡುವ ಹೊಣೆಯನ್ನು ಅವರಿಗೇ ಒಪ್ಪಿಸಿದ ಮೇಲೆ, ನಿಧಾನವಾಗಿಯಾದರೂ ಬೆರಳು ಓಡತೊಡಗಿತು.

ಇದು ನನ್ನೊಬ್ಬನ ಅನುಭವವಲ್ಲ. ಒಂದೇ ಪ್ರಮಾಣದ ಲಾಭಕ್ಕಿಂತ ನಷ್ಟವೇ ಮನಸ್ಸಿಗೆ ಹೆಚ್ಚು ಭಾರವಾಗುತ್ತದೆಂದು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವೆರ್ಸ್ಕಿ 1979ರಲ್ಲೇ ವಿವರಿಸಿದ್ದರು. ಹೀಗಿರುವಾಗ ‘ಲಾಭವಿದೆ, ಲಾಭವಿದೆ’ ಎಂದು ಹಾಡಿದ್ದನ್ನೇ ಹಾಡಿದರೆ ಯಾರ ಅಂಜಿಕೆ ಕರಗೀತು? ಅದಕ್ಕೂ ಮೊದಲು, 1948ರಲ್ಲಿ, ಲೆಸ್ಟರ್ ಕಾಚ್ ಮತ್ತು ಜಾನ್ ಫ್ರೆಂಚ್ ಅಮೆರಿಕದ ಪೈಜಾಮ ಕಾರ್ಖಾನೆಯೊಂದರ ಅಧ್ಯಯನವನ್ನು ಪ್ರಕಟಿಸಿದ್ದರು. ಅಲ್ಲಿನ ಒಂದು ಗುಂಪಿಗೆ ಆದ ಬದಲಾವಣೆ ತೀರ ಚಿಕ್ಕದು: ಇಸ್ತ್ರಿ ಮಾಡಿದ ಬಟ್ಟೆಯನ್ನು ರಟ್ಟಿನ ಹಾಳೆಯ ಮೇಲೆ ಪೇರಿಸುವ ಬದಲು ಪೆಟ್ಟಿಗೆಯಲ್ಲಿ ಪೇರಿಸಬೇಕಿತ್ತು. ಯಾರನ್ನೂ ಕೇಳದೆ ಆದೇಶ ಹೊರಡಿಸಿದ್ದ ಆ ಗುಂಪಿನಲ್ಲಿ 40 ದಿನಗಳೊಳಗೆ ಶೇಕಡಾ 17ರಷ್ಟು ಜನ ಕೆಲಸವನ್ನೇ ಬಿಟ್ಟರು; ಬದಲಾವಣೆಯನ್ನು ತಾವೇ ಕೂಡಿ ರೂಪಿಸಿದ ಗುಂಪುಗಳಲ್ಲಿ ಒಬ್ಬರೂ ಬಿಡಲಿಲ್ಲ. ಪೆಟ್ಟಿಗೆಗೆ ಯಾರಾದರೂ ಹೆದರುತ್ತಾರೆಯೇ? ತಮ್ಮ ಮಾತಿಗೆ ಬೆಲೆಯಿಲ್ಲ ಎಂಬುದು ಅವರಿಗೆ ನೋವು ಕೊಟ್ಟಿತೆಂದೇ ನಾನು ನಂಬುತ್ತೇನೆ.

‘ಎಲ್ಲರನ್ನೂ ಕೇಳುತ್ತ ಕುಳಿತರೆ ಕೆಲಸ ನಡೆಯುವುದು ಯಾವಾಗ?’ ಎನ್ನುವವರಿದ್ದಾರೆ. ಹೆದರಿದವರೊಡನೆ ತಿಂಗಳುಗಟ್ಟಲೆ ಗುದ್ದಾಡಲು ಇವರಿಗೆ ಸಮಯವಿದೆ, ಒಂದು ಪ್ರಶ್ನೆ ಕೇಳಲು ಮಾತ್ರ ಇಲ್ಲ! ‘ಕೆಲವರು ಏನು ಮಾಡಿದರೂ ಬದಲಾಗುವುದಿಲ್ಲ’ ಎಂಬ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ಅವರನ್ನು ಕೇಳಿದ್ದೀರಾ? ಎದುರಿಗೆ ಕುಳಿತು, ಅವಸರವಿಲ್ಲದೆ, ಉತ್ತರ ಬರುವವರೆಗೂ ಕಾದು ಕೇಳಿದ್ದೀರಾ? ಕೇಳಿಲ್ಲವೆಂದಾದರೆ ದಯವಿಟ್ಟು ಅವರನ್ನು ಹೇಡಿಗಳೆನ್ನಬೇಡಿ.

ಈ ವಾಹಿನಿಗೆ ಇನ್ನೂ ಚಂದಾದಾರರಾಗದವರು ಆಗಿರಿ, ಏಕೆಂದರೆ ಮುಂದಿನ ಸಂಚಿಕೆಯೂ ಇದೇ ವಿಷಯಕ್ಕೆ ಮೀಸಲು. ನೀವು ಮುಂದೂಡುತ್ತಲೇ ಬಂದಿರುವ ಒಂದು ಬದಲಾವಣೆಯನ್ನೂ ಅದರಿಂದ ಏನು ಕೈತಪ್ಪೀತೆಂದು ಅಂಜಿದ್ದೀರಿ ಎಂಬುದನ್ನೂ ನನಗೆ ಬರೆದು ಕಳುಹಿಸಿ. ಒಂದೊಂದನ್ನೂ ನಾನೇ ಓದುತ್ತೇನೆ.