ಮಂಗ ಸತ್ತ ಸುದ್ದಿ

ಎಲ್ಲರಿಗೂ ನಮಸ್ಕಾರ. ಈ ಜಡಿಮಳೆಯಲ್ಲಿ ಕೊಡೆ ಹಿಡಿದುಕೊಂಡು ಇಷ್ಟು ಜನ ಬರುತ್ತೀರಿ ಅಂತ ನಾನು ಎಣಿಸಿರಲಿಲ್ಲ. ಕರೆಪತ್ರದಲ್ಲಿ ‘ಜಗತ್ತಿನಲ್ಲಿ ನರಮೇಧ ತಡೆಯುವ ಸ್ವಯಂಸೇವಕರು’ ಅಂತ ದೊಡ್ಡ ಅಕ್ಷರದಲ್ಲಿ ಹಾಕಿಬಿಟ್ಟಿದ್ದಾರೆ. ತಲೆಬರಹ ನೋಡಿ ನನಗೇ ಹೆದರಿಕೆ ಆಯಿತು. ನಾನು ಪ್ರೊಫೆಸರ್ ಅಲ್ಲ. ಸೊರಬ, ಸಾಗರ, ಹೊಸನಗರ ಅಂತ ಸುತ್ತಿ ನಿವೃತ್ತನಾದ ಆರೋಗ್ಯ ನಿರೀಕ್ಷಕ. ಅದಕ್ಕೆ ನನಗೆ ಗೊತ್ತಿರುವ ಕಡೆಯಿಂದ ಶುರು ಮಾಡುತ್ತೇನೆ. ಮಂಗನಿಂದ.

1957ರಲ್ಲಿ ನಮ್ಮ ಸೊರಬ ಸೀಮೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಬೆನ್ನಿಗೇ ಜನರಿಗೂ ಜ್ವರ ಬಂತು. ವಿಜ್ಞಾನಿಗಳು ಬಂದು ವೈರಸ್ ಹುಡುಕಿದರು, ಕಾಯಿಲೆಗೆ ಆ ಕಾಡಿನ ಹೆಸರನ್ನೇ ಇಟ್ಟರು. ಪುಸ್ತಕದಲ್ಲಿ ಕೆಎಫ್‌ಡಿ, ನಮ್ಮ ಬಾಯಲ್ಲಿ ಮಂಗನ ಕಾಯಿಲೆ. ಹರಡುವುದು ಉಣುಗಿನಿಂದ. ಮಂಗ ಸತ್ತು ಬಿದ್ದರೆ ಮೈಮೇಲಿನ ಉಣುಗು ಸುತ್ತಲಿನ ದರಕಿಗೆ, ಅಂದರೆ ಒಣಗಿದ ಎಲೆಗೆ, ಇಳಿಯುತ್ತದೆ. ಆಮೇಲೆ ದರಕು ಗುಡಿಸಲು ಹೋದವರ ಕಾಲಿಗೆ ಹತ್ತುತ್ತದೆ. ಹಾಗಾಗಿ ಮಂಗ ಸತ್ತ ಸುದ್ದಿ ನಮಗೆ ಬೇಗ ಮುಟ್ಟಬೇಕು. ಮುಟ್ಟಿದರೆ ಆ ಜಾಗದ ಸುತ್ತ ಪುಡಿ ಎರಚುತ್ತೇವೆ, ಮೈಗೆ ಹಚ್ಚಲು ಡೇಪಾ ಎಣ್ಣೆ ಕೊಡುತ್ತೇವೆ, ಸ್ವಲ್ಪ ದಿನ ಆ ಕಡೆ ಸೌದೆಗೆ ಹೋಗಬೇಡಿ ಅನ್ನುತ್ತೇವೆ.

ಈ ಸುದ್ದಿ ತರುವವರು ಯಾರು? ಹೆಚ್ಚಿನ ಸಲ ಸಂಬಳದವರಲ್ಲ. ದನ ಕಾಯುವವನು, ಜೇನು ಕೀಳಲು ಹೋದವನು, ವಾಸನೆ ಬಂದು ಸೆರಗು ಮೂಗಿಗೆ ಹಿಡಿದ ಹೆಂಗಸು.

ಒಂದು ಭಾನುವಾರ, ಜನವರಿ ತಿಂಗಳು, ಒಬ್ಬ ಹುಡುಗ ಸೈಕಲ್ ತುಳಿದು ನಮ್ಮ ಮನೆಗೆ ಬಂದ. “ಸಾರ್, ನಮ್ಮ ಬ್ಯಾಣದಲ್ಲಿ ಮಂಗ ಸತ್ತು ಬಿದ್ದಿದೆ” ಅಂದ. ನಾನು ಊಟಕ್ಕೆ ಕೂತಿದ್ದೆ. ಮನೆಯಲ್ಲಿ ನೆಂಟರಿದ್ದರು. “ಆಯ್ತಪ್ಪ, ನಾಳೆ ಬರ್ತೀನಿ” ಅಂದೆ. ಸೋಮವಾರ ಮೀಟಿಂಗ್ ಇತ್ತು. ಹೋಗಿದ್ದು ಮಂಗಳವಾರ ಮಧ್ಯಾಹ್ನ. ಅಷ್ಟರಲ್ಲಿ ಊರವರು ಆಂಜನೇಯನ ಅಂಶ ಅಂತ ಅದಕ್ಕೆ ಅರಿಶಿನ ಕುಂಕುಮ ಹಾಕಿ, ಹೊತ್ತುಕೊಂಡು ಹೋಗಿ ಮಣ್ಣು ಮಾಡಿದ್ದರು. ಎಷ್ಟು ಕೈ ಅದನ್ನು ಮುಟ್ಟಿದ್ದವೋ ದೇವರೇ ಬಲ್ಲ.

ನನ್ನ ಪುಣ್ಯ, ಆ ವರ್ಷ ಆ ಊರಲ್ಲಿ ಯಾರಿಗೂ ಜ್ವರ ಬರಲಿಲ್ಲ. ನನಗೆ ಮೆಮೋನೂ ಬರಲಿಲ್ಲ. ರಿಜಿಸ್ಟರ್‌ನಲ್ಲಿ ಸುದ್ದಿ ಬಂದ ದಿನ ಅಂತ ಮಂಗಳವಾರದ ತಾರೀಖನ್ನೇ ಬರೆದೆ. ನಾನು ತಡ ಮಾಡಿದ್ದು ಅದರಲ್ಲಿ ಎಲ್ಲೂ ಕಾಣುವುದಿಲ್ಲ. ಆ ಹುಡುಗ ಮಾತ್ರ ಮತ್ತೆ ಯಾವತ್ತೂ ಸುದ್ದಿ ತರಲಿಲ್ಲ.

ಇಂಥದ್ದೇ ಒಂದು ಸುದ್ದಿ 1994ರ ಜನವರಿ 11ರಂದು ಆಫ್ರಿಕಾದ ರುವಾಂಡಾದಿಂದ ನ್ಯೂಯಾರ್ಕಿಗೆ ಹೋಯಿತು. ಕಳಿಸಿದವರು ಅಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥ ರೋಮಿಯೋ ಡಲೇರ್. ಒಬ್ಬ ಮಾಹಿತಿದಾರ ಅವರಿಗೆ ಎಲ್ಲ ಹೇಳಿದ್ದ. ಎಲ್ಲೆಲ್ಲಿ ಆಯುಧ ಬಚ್ಚಿಟ್ಟಿದ್ದಾರೆ, ರಾಜಧಾನಿಯಲ್ಲಿರುವ ಟುಟ್ಸಿ ಎಂಬ ಜನಾಂಗದವರ ಪಟ್ಟಿ ಹೇಗೆ ತಯಾರಾಗುತ್ತಿದೆ, ಇದೆಲ್ಲ ಅವರನ್ನು ಕೊಲ್ಲಲು ಇರಬಹುದು ಅಂತ. ಆ ಆಯುಧ ವಶ ಮಾಡಿಕೊಳ್ಳುತ್ತೇನೆ ಅಂತ ಡಲೇರ್ ಫ್ಯಾಕ್ಸ್ ಕಳಿಸಿದರು. ಬೇಡ ಅಂತ ಉತ್ತರ ಬಂತು. ಏಪ್ರಿಲ್‌ನಲ್ಲಿ ಕೊಲೆ ಶುರುವಾಯಿತು. ಸುಮಾರು 100 ದಿನದಲ್ಲಿ ಸತ್ತವರು ಸುಮಾರು 8 ಲಕ್ಷ. ನಡುವೆ ಆ ಶಾಂತಿಪಡೆಯನ್ನೇ 2,500ರಿಂದ 270ಕ್ಕೆ ಇಳಿಸುವ ತೀರ್ಮಾನ ಆಯಿತು.

ನ್ಯೂಯಾರ್ಕಿನಲ್ಲಿ ಇದ್ದವರೆಲ್ಲ ಕೆಟ್ಟವರು ಅಂತ ನಾನು ಹೇಳಲಾರೆ. ಹಿಂದಿನ ವರ್ಷವಷ್ಟೇ ಸೊಮಾಲಿಯಾದಲ್ಲಿ ಸೈನಿಕರನ್ನು ಕಳೆದುಕೊಂಡಿದ್ದರು, ಇನ್ನೊಂದು ತಲೆನೋವು ಯಾರಿಗೂ ಬೇಡವಾಗಿತ್ತು. ನಾಳೆ ನೋಡೋಣ ಅನ್ನುವುದು ಎಷ್ಟು ಸುಲಭ ಅಂತ ನನಗೆ ಗೊತ್ತು.

ಪದದ ಬಗ್ಗೆ ಒಂದು ಮಾತು. ನಾವು ನರಮೇಧ ಅನ್ನುತ್ತೇವೆ. ಮೇಧ ಅಂದರೆ ಯಜ್ಞ. ಇದರಲ್ಲಿ ಯಜ್ಞ ಎಲ್ಲಿ ಬಂತು? ಜನಾಂಗಹತ್ಯೆ ಅನ್ನುವುದು ವಾಸಿ. 1944ಕ್ಕೆ ಮೊದಲು ಈ ಪಾತಕಕ್ಕೆ ಇಂಗ್ಲಿಷಿನಲ್ಲೂ ಹೆಸರಿರಲಿಲ್ಲ. ರಫಾಯೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯಹೂದಿ ವಕೀಲ ಗ್ರೀಕಿನ ‘ಗೆನೋಸ್’ಗೆ ಲ್ಯಾಟಿನ್ನಿನ ‘ಕೊಲ್ಲು’ ಸೇರಿಸಿ ಜೆನೊಸೈಡ್ ಎಂಬ ಪದ ಕಟ್ಟಿದ. ಆ ಗೆನೋಸ್, ನಮ್ಮ ‘ಜನ’, ಎರಡೂ ಒಂದೇ ಬೇರಿನ ಪದಗಳು. ಹಿಟ್ಲರನ ಕಾಲದಲ್ಲಿ ಲೆಮ್ಕಿನ್‌ನ ಬಂಧುಬಳಗದ 49 ಜನ ಸತ್ತಿದ್ದರು. ಯುದ್ಧ ಮುಗಿದ ಮೇಲೆ ಯಾವ ಹುದ್ದೆಯೂ ಇಲ್ಲದೆ ವಿಶ್ವಸಂಸ್ಥೆಯ ಕಾರಿಡಾರಿನಲ್ಲಿ ಓಡಾಡಿ, ಸಿಕ್ಕಸಿಕ್ಕ ರಾಯಭಾರಿಯ ದುಂಬಾಲು ಬಿದ್ದ. ನನ್ನ ಲೆಕ್ಕದಲ್ಲಿ ಈ ಕೆಲಸದ ಮೊದಲ ಸ್ವಯಂಸೇವಕ ಅವನೇ. 1948ರ ಡಿಸೆಂಬರ್ 9ರಂದು ಜನಾಂಗಹತ್ಯೆ ತಡೆಯುವ ಒಪ್ಪಂದ ಆಯಿತು. ಭಾರತ ಅದನ್ನು ಪೂರ್ತಿ ಒಪ್ಪಿದ್ದು 1959ರ ಆಗಸ್ಟ್ 27ಕ್ಕೆ. ಮಾರನೇ ದಿನ ಲೆಮ್ಕಿನ್ ನ್ಯೂಯಾರ್ಕಿನಲ್ಲಿ ತೀರಿಕೊಂಡ. ಮಣ್ಣಿಗೆ ಬಂದವರು ಬೆರಳೆಣಿಕೆಯಷ್ಟು ಜನ.

ಕಾಯಿಲೆಗೆ ಹೆಸರು ಸಿಕ್ಕ ಮೇಲೆ ಲಕ್ಷಣ ಹುಡುಕಬೇಕು ಅಲ್ವಾ? ಅದನ್ನು ಮಾಡಿದವರಲ್ಲಿ ಅಮೆರಿಕದ ಗ್ರೆಗರಿ ಸ್ಟಾಂಟನ್ ಒಬ್ಬರು. ಜನಾಂಗಹತ್ಯೆಗೆ ಮೊದಲು ಎಂಟು ಹಂತ ಅಂದರು, ಆಮೇಲೆ ಹತ್ತು ಮಾಡಿದರು. 1999ರಲ್ಲಿ ಜೆನೊಸೈಡ್ ವಾಚ್ ಎಂಬ ಸಂಸ್ಥೆ ಕಟ್ಟಿದರು. ಹತ್ತನ್ನೂ ಇಲ್ಲಿ ಓದಿ ಹೇಳಿದರೆ ನೀವು ಆಕಳಿಸುತ್ತೀರಿ. ನಾವು-ಅವರು ಅಂತ ವಿಂಗಡಿಸುವುದರಿಂದ ಶುರು, ಎಲ್ಲ ಮುಗಿದ ಮೇಲೆ ಏನೂ ನಡೆದೇ ಇಲ್ಲ ಅನ್ನುವುದು ಕೊನೆ. ರುವಾಂಡಾದಲ್ಲಿ ಗುರುತಿನ ಚೀಟಿಯ ಮೇಲೇ ಹುಟು, ಟುಟ್ಸಿ ಅಂತ ಜನಾಂಗದ ಹೆಸರು ಬರೆದಿರುತ್ತಿತ್ತು. ಬೆಲ್ಜಿಯಂನವರ ಆಳ್ವಿಕೆಯಲ್ಲಿ ಶುರುವಾದ ಪದ್ಧತಿ. ರಸ್ತೆಯಲ್ಲಿ ತಡೆದವನಿಗೆ ಚೀಟಿ ನೋಡಿದರೆ ಸಾಕಾಗಿತ್ತು.

ನನಗೆ ಚುಚ್ಚುವುದು ನಡುವಿನ ಒಂದು ಹಂತ. ಅಲ್ಲಿನ ಒಂದು ರೇಡಿಯೋ ಟುಟ್ಸಿಗಳನ್ನು ಜಿರಳೆಗಳು ಅನ್ನುತ್ತಿತ್ತು. ಹಾಡು, ತಮಾಷೆ, ನಡುನಡುವೆ ಜಿರಳೆ. ಕೀಟ ಕೊಲ್ಲುವುದು ನನ್ನ ನೌಕರಿಯ ಭಾಗವಾಗಿತ್ತು. ಪುಡಿ ಎರಚುವಾಗ ನನಗೆ ಒಂದು ದಿನವೂ ಪಾಪ ಅನ್ನಿಸಿಲ್ಲ. ಯಾಕೆ ಅನ್ನಿಸಬೇಕು? ಆ ರೇಡಿಯೋದವರಿಗೆ ಬೇಕಾಗಿದ್ದೂ ಅದೇ. ಕೊಲ್ಲಿ ಅಂತ ಮೊದಲೇ ಹೇಳಬೇಕಾಗಿಲ್ಲ. ಹೆಸರು ಬದಲಾಯಿಸಿದರೆ ಅರ್ಧ ಕೆಲಸ ಆಯಿತು.

ಅಂಕಿ-ಅಂಶ ಇಟ್ಟುಕೊಂಡು ಮುನ್ಸೂಚನೆ ಕೊಡುವವರೂ ಇದ್ದಾರೆ. ಹಿಟ್ಲರನ ಕಾಲದ ಯಹೂದಿ ಹತ್ಯೆಯ ನೆನಪಿಗೆ ಇರುವ ವಾಷಿಂಗ್ಟನ್ನಿನ ಹಾಲೊಕಾಸ್ಟ್ ಮ್ಯೂಸಿಯಂ ಮತ್ತು ಡಾರ್ಟ್‌ಮತ್ ಕಾಲೇಜು ಸೇರಿ, ಯಾವ ದೇಶದಲ್ಲಿ ಸಾಮೂಹಿಕ ಹತ್ಯೆ ಹೊಸದಾಗಿ ಶುರುವಾಗುವ ಅಪಾಯ ಎಷ್ಟು ಅಂತ ಪಟ್ಟಿ ಹಾಕುತ್ತವೆ. ಒಳ್ಳೆಯ ಕೆಲಸ. ಆದರೆ ಅದು ಹವಾಮಾನ ವರದಿ ಇದ್ದಂತೆ. ‘ಕರಾವಳಿ, ಮಲೆನಾಡಿನಲ್ಲಿ ಭಾರಿ ಮಳೆ’ ಅನ್ನುತ್ತಾರೆ. ನಮ್ಮ ಅಡಿಕೆ ತೋಟದಲ್ಲಿ ಕೊಳೆ ರೋಗ ಬರುತ್ತದಾ ಇಲ್ಲವಾ ಅಂತ ಹೇಳುವುದು ಮರ ಹತ್ತುವ ಕೊನೆಗಾರನೇ.

ನಾನೂ ಈ ಕೆಲಸಕ್ಕೆ ಸ್ವಲ್ಪ ಕೈ ಹಾಕಿದ್ದೆ. 2016ರಲ್ಲಿ ಆಮ್ನೆಸ್ಟಿ ಎಂಬ ಮಾನವ ಹಕ್ಕು ಸಂಸ್ಥೆಯವರು ಸುಡಾನಿನ ಡಾರ್ಫರ್ ಪ್ರದೇಶದ ಉಪಗ್ರಹ ಚಿತ್ರಗಳನ್ನು ಸಾಮಾನ್ಯ ಜನರಿಗೇ ಕೊಟ್ಟು ನೋಡಿಸಿದರು. ನನ್ನ ಅಣ್ಣನ ಮಗ ಲ್ಯಾಪ್‌ಟಾಪ್‌ನಲ್ಲಿ ತೆಗೆದುಕೊಟ್ಟ. ಒಂದೊಂದು ಚೌಕ ಬರುತ್ತದೆ. ಮರಳು, ಒಣಗಿದ ಹಳ್ಳ, ಮರಳು. ಮನೆ ಕಂಡರೆ ಗುರುತು ಹಾಕಬೇಕು. ಅಲ್ಲಿನ ಗುಡಿಸಲು ಮೇಲಿನಿಂದ ನೋಡಿದರೆ ನಮ್ಮ ಹುಲ್ಲಿನ ಬಣವೆ ಥರ ಉರುಟು. ಹಳ್ಳಿ ಎಲ್ಲಿದೆ ಅಂತ ಮೊದಲು ಗೊತ್ತಾದರೆ ತಾನೆ, ಸುಟ್ಟದ್ದು ಯಾವುದು ಅಂತ ಆಮೇಲೆ ಹೋಲಿಸಿ ನೋಡುವುದು? ನನ್ನಂಥವರು ಸಾವಿರಾರು ಜನ ಇದ್ದರು. ಒಬ್ಬನ ಕಣ್ಣು ನಂಬಬಾರದು ಅಂತ ಒಂದೇ ಚೌಕವನ್ನು ಹಲವರಿಗೆ ತೋರಿಸುತ್ತಿದ್ದರು. ಕರೆಂಟ್ ಹೋಗುವವರೆಗೆ ನಾನು ಕೂತಿರುತ್ತಿದ್ದೆ. ನಮ್ಮಲ್ಲಿ ಅದೇನು ಜಾಸ್ತಿ ಹೊತ್ತಲ್ಲ ಬಿಡಿ.

ಆದರೆ ಮೇಲಿನಿಂದ ನೋಡಿದರೆ ಸಾಕಾ? ಅದೇ ಡಾರ್ಫರಿನ ಎಲ್ ಫಾಶರ್ ನಗರಕ್ಕೆ 2024ರಲ್ಲಿ ಮುತ್ತಿಗೆ ಬಿತ್ತು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಒಂದು ತಂಡ ಉಪಗ್ರಹ ಚಿತ್ರ ಹಿಡಿದುಕೊಂಡು ತಿಂಗಳುಗಟ್ಟಲೆ ಎಚ್ಚರಿಸುತ್ತಲೇ ಇತ್ತು. 2025ರ ಅಕ್ಟೋಬರ್ ಕೊನೆಗೆ ನಗರ ಬಿತ್ತು. ಆಮೇಲಿನ ಹತ್ಯೆಯ ಗುರುತನ್ನೂ ಅದೇ ತಂಡ ಚಿತ್ರಗಳಲ್ಲಿ ತೋರಿಸಿತು. ಸುದ್ದಿ ಸರಿಯಾಗಿಯೇ ಮುಟ್ಟಿತ್ತು. ಎದ್ದು ಹೊರಟವರು ಯಾರೂ ಇರಲಿಲ್ಲ.

ಇನ್ನು ನನಗೆ ತುಂಬಾ ಇಷ್ಟವಾದ ಉದಾಹರಣೆ. ಕೀನ್ಯಾದಲ್ಲಿ ತಾನಾ ಅಂತ ನದಿ. ಅದರ ಮುಖಜದಲ್ಲಿ ಪೊಕೊಮೊ ಅನ್ನುವ ಬೇಸಾಯಗಾರರು, ಓರ್ಮಾ ಅನ್ನುವ ದನಗಾಹಿಗಳು. ಜಗಳ ನೀರಿಗೆ, ಮೇವಿಗೆ. ಬಗರ್‌ಹುಕುಂ, ಗೋಮಾಳ ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2012ರ ಆಗಸ್ಟ್‌ನಿಂದ ಕೆಲವು ತಿಂಗಳಲ್ಲಿ ಅಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು, ಹಳ್ಳಿಗಳು ಸುಟ್ಟವು. ‘ಅವರು ತಯಾರಾಗುತ್ತಿದ್ದಾರಂತೆ, ಇವತ್ತು ರಾತ್ರಿ ಬರುತ್ತಾರಂತೆ’ ಅನ್ನುವ ಗಾಳಿಸುದ್ದಿ ಬೆಂಕಿಗೆ ಎಣ್ಣೆ ಸುರಿಯಿತು. ಅಂತೆ ಅನ್ನುವ ಎರಡಕ್ಷರ ಎಷ್ಟು ಜನರನ್ನು ಕೊಂದಿದೆ ನೋಡಿ.

ಸೆಂಟಿನೆಲ್ ಪ್ರಾಜೆಕ್ಟ್ ಅಂತ ಕೆನಡಾದ ಒಂದು ಸಂಸ್ಥೆ. 2008ರಲ್ಲಿ ವಿದ್ಯಾರ್ಥಿಗಳು ಸೇರಿ ಕಟ್ಟಿದ್ದು, ಸ್ವಯಂಸೇವಕರ ಬಲದಲ್ಲೇ ಬೆಳೆದದ್ದು. ಹಿಂದೆ ಕೂತಿರುವ ಕಾಲೇಜು ಹುಡುಗರು ಇದನ್ನು ಕೇಳಿಸಿಕೊಳ್ಳಿ. ಅವರು ತಾನಾದ ಜನರ ಜೊತೆ ಸೇರಿ ಮಾಡಿದ ಕೆಲಸದ ಹೆಸರು ‘ಊನಾ ಹಕೀಕಾ’. ಸ್ವಾಹಿಲಿ ಮಾತು. ‘ನಿನಗೆ ಖಚಿತವಾ?’ ಅಂತ ಅರ್ಥ. ಅದರ ಹಕೀಕಾ ನಮ್ಮ ಹಕೀಕತ್ತಿನ ನೆಂಟ, ಎರಡೂ ಅರಬ್ಬಿಯಿಂದ ಬಂದವು.

ಕೆಲಸ ತುಂಬಾ ಸರಳ. ಏನಾದರೂ ಗಾಳಿಸುದ್ದಿ ಕೇಳಿದರೆ ಒಂದು ನಂಬರಿಗೆ ಮೆಸೇಜ್ ಮಾಡಬೇಕು. ಸ್ಮಾರ್ಟ್‌ಫೋನೇ ಬೇಕು ಅಂತಿಲ್ಲ, ಗುಂಡಿ ಒತ್ತುವ ಫೋನು ಸಾಕು. ಅಲ್ಲಿ ಕೂತವರು ಆ ಊರಿನ ಸ್ವಯಂಸೇವಕನಿಗೆ ಫೋನ್ ಹಚ್ಚುತ್ತಾರೆ. ನೀನೇ ಹೋಗಿ ನೋಡಿದೆಯಾ? ಯಾರು ಹೇಳಿದ್ದು? ಊರಿನ ಹಿರಿಯರನ್ನು, ಪೊಲೀಸರನ್ನು ವಿಚಾರಿಸುತ್ತಾರೆ. ನಿಜವೋ ಸುಳ್ಳೋ ಅಂತ ತಿಳಿದುಕೊಂಡು ಜನರಿಗೆ ತಿರುಗಿ ತಿಳಿಸುತ್ತಾರೆ. ಈ ತಿರುಗಿ ತಿಳಿಸುವುದಿದೆಯಲ್ಲ, ಅದನ್ನು ನಮ್ಮ ಇಲಾಖೆಯ ಕಾಲದಲ್ಲಿ ನಾವು ಮಾಡಲೇ ಇಲ್ಲ. ಆ ಸೈಕಲ್ ಹುಡುಗನಿಗೆ ‘ನೀನು ಹೇಳಿದ್ದರಿಂದ ಇಷ್ಟು ಆಯಿತು’ ಅಂತ ನಾನೂ ಹೇಳಲಿಲ್ಲ.

ಅದೇ 2012ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಏನಾಯಿತು ನೆನಪಿದೆಯಾ? ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ಆಗುತ್ತದೆ ಅಂತ ಎಸ್ಸೆಮ್ಮೆಸ್ ಹರಡಿ, ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಗುವಾಹಟಿ ರೈಲು ಹತ್ತಿದರು. ಒಂದೇ ಸಲಕ್ಕೆ ಐದಕ್ಕಿಂತ ಹೆಚ್ಚು ಜನರಿಗೆ ಮೆಸೇಜ್ ಕಳಿಸಬಾರದು ಅಂತ ಸರ್ಕಾರ ಕಟ್ಟು ಹಾಕಿತು. ನಲ್ಲಿ ಬಂದ್ ಮಾಡಿದ ಹಾಗೆ. ಕೆಟ್ಟ ನೀರು ಎಲ್ಲಿಂದ ಬಂತು ಅಂತ ಊರಲ್ಲಿ ನಿಂತು ನೋಡುವವರು ಬೇರೆಯೇ ಬೇಕು. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಅಂತ ನಮ್ಮಲ್ಲೇ ಗಾದೆ ಇದೆ. ನಾನು ಅದನ್ನು ಭಾಷಣದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಹೇಳಿದವನು ಮಾಡಿದ್ದೇನು ಅಂತ ಈಗ ಹೇಳುತ್ತೇನೆ.

2018. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಸುದ್ದಿ ರಾಜ್ಯವೆಲ್ಲ ಓಡಾಡಿದ ವರ್ಷ. ಆ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟ ತಪ್ಪಿಗೆ ಹೊರಗಿನಿಂದ ಬಂದ ಹುಡುಗರ ಮೇಲೆ ಜನ ಮುಗಿಬಿದ್ದು ಒಬ್ಬ ಸತ್ತ. ಅದು ಜನಾಂಗಹತ್ಯೆ ಅಲ್ಲ, ದೊಡ್ಡ ಪದವನ್ನು ಸಿಕ್ಕಲ್ಲಿ ಬಳಸಬಾರದು. ಆದರೆ ಉಣುಗು ಅದೇ ಜಾತಿಯದು. ಮುರ್ಕಿಗೂ ಮೊದಲು, ಆ ಬೇಸಿಗೆಯಲ್ಲಿ, ನನಗೂ ಒಂದು ವಾಯ್ಸ್ ಮೆಸೇಜ್ ಬಂತು. ‘ಕಂಬಳಿ ಮಾರುವವರ ವೇಷದಲ್ಲಿ ಬರುತ್ತಾರೆ’ ಅಂತ. ಇರಲಿ, ಜನ ಹುಷಾರಾಗಿರಲಿ ಅಂತ ಸುಮ್ನೆ ಊರಿನ ಗ್ರೂಪಿಗೆ ಹಾಕಿದೆ. ಆರೋಗ್ಯ ಇಲಾಖೆಯಲ್ಲಿದ್ದವನು ಹಾಕಿದ್ದು ಅಂದರೆ ಜನ ನಂಬುತ್ತಾರೆ.

ಎರಡು ದಿನ ಬಿಟ್ಟು ಇಬ್ಬರು ಕಂಬಳಿ ಮಾರುವವರು ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಇಳಿದರು. ಹತ್ತು ನಿಮಿಷದಲ್ಲಿ ಮೂವತ್ತು ಜನ ಸೇರಿದರು. ಒಬ್ಬ ಅವರ ಗಂಟು ಬಿಚ್ಚಿ ರಸ್ತೆಗೆ ಎಸೆದ. ನಾನು ಹೋಗುವಷ್ಟರಲ್ಲಿ ಕಿರಾಣಿ ಅಂಗಡಿಯ ಅಕ್ಕ ಆ ಇಬ್ಬರನ್ನೂ ಒಳಗೆ ಕರೆದು ಅಕ್ಕಿ ಮೂಟೆಯ ಮೇಲೆ ಕೂರಿಸಿದ್ದರು. ಬಾಗಿಲಿಗೆ ಅಡ್ಡ ತಾವೇ ನಿಂತಿದ್ದರು. ಕೈಯಲ್ಲಿ ಸಕ್ಕರೆ ತೂಗುವ ಮೊಗೆ ಹಾಗೇ ಇತ್ತು.

“ಯಾರ ಮಗು ಕಾಣೆಯಾಗಿದೆ? ಹೆಸರು ಹೇಳಿ” ಅಂದರು.

ಯಾರೂ ಹೇಳಲಿಲ್ಲ.

“ಯಾವ ಊರಿನ ಮಗು? ಯಾರ ಮನೆಯದು?”

ಯಾರೋ ಹಿಂದಿನಿಂದ, “ಇನ್‌ಸ್ಪೆಕ್ಟರ್ ಸಾರೇ ಗ್ರೂಪಲ್ಲಿ ಹಾಕಿದ್ದಾರೆ” ಅಂದ. ಅಕ್ಕ ನನ್ನ ಕಡೆ ತಿರುಗಿದರು. “ಸಾರ್, ನಿಮಗೆ ಯಾರು ಹೇಳಿದ್ದು?” ಅಂದರು. ಬೈದಿದ್ದರೆ ವಾಸಿ ಇತ್ತು. ನಿಜವಾಗಿ ಗೊತ್ತಾಗಲಿ ಅಂತಲೇ ಕೇಳಿದರು. “ಇನ್ನೊಂದು ಗ್ರೂಪಲ್ಲಿ ಬಂದಿತ್ತು” ಅಂದೆ. ಅವರು ಮತ್ತೇನೂ ಕೇಳಲಿಲ್ಲ. ಕಂಬಳಿಯವರು ಹಿಂದಿನ ರಾತ್ರಿ ಆನಂದಪುರದಲ್ಲಿ ಉಳಿದಿದ್ದ ಲಾಡ್ಜಿನವರಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್‌ಗೆ ಹಾಕಿದರು. ಜನ ಒಬ್ಬೊಬ್ಬರೇ ಕರಗಿದರು. ಗಂಟು ಎಸೆದವನೇ ಕಂಬಳಿ ಎತ್ತಿ ಮಡಿಸಿ ಕೊಟ್ಟ.

ಆ ದಿನ ನಮ್ಮೂರಲ್ಲಿ ಏನೂ ಆಗಲಿಲ್ಲ. ಯಾವ ಪೇಪರಿನಲ್ಲೂ ಬರಲಿಲ್ಲ. ಇಂಥ ಕೆಲಸಕ್ಕೆ ಹಣ ಕೊಡುವವರು ‘ಇದರಿಂದ ಎಷ್ಟು ಜೀವ ಉಳಿಯಿತು?’ ಅಂತ ಕೇಳುತ್ತಾರೆ. ಆಗದೇ ಹೋದದ್ದನ್ನು ಯಾವ ಕಾಲಂನಲ್ಲಿ ಬರೆಯುವುದು?

ಮುಂದಿನ ವರ್ಷ ಆ ಇಬ್ಬರಲ್ಲಿ ಒಬ್ಬ ಮತ್ತೆ ಬಂದ. ಬಸ್ ಇಳಿದವನೇ ಅಕ್ಕನ ಅಂಗಡಿಗೆ ಹೋಗಿ ಗಂಟು ಇಳಿಸಿದ. ನಾನು ಒಂದು ಕಂಬಳಿ ತೆಗೆದುಕೊಂಡೆ. ಚೌಕಾಸಿ ಮಾಡಲಿಲ್ಲ. ಆ ಮೆಸೇಜ್ ಹಾಕಿದವನು ನಾನೇ ಅಂತ ಅವನಿಗೆ ಹೇಳಲೂ ಇಲ್ಲ.