ಕಣ್ಣು ಹಳದಿಯಾಯ್ತಾ? ಮೊದಲು ಪರೀಕ್ಷೆಗೆ ರಕ್ತ ಕೊಟ್ಟು ಬನ್ನಿ

[ದೃಶ್ಯ: ಕೋಲಾರದ ಟೊಮೆಟೊ ಮಾರುಕಟ್ಟೆ, ಬೆಳಗಿನ ಹೊತ್ತು]

ನಮಸ್ಕಾರ. ನಮ್ಮ ಚಿಕ್ಕಪ್ಪ ಇದೇ ಮಾರುಕಟ್ಟೆಯಲ್ಲಿ ಟೊಮೆಟೊ ಬಾಕ್ಸ್ ಹೊರುತ್ತಾರೆ. ಎರಡು ವರ್ಷದ ಹಿಂದೆ ಅವರಿಗೆ ಮೈಕೈ ನೋವು, ಸಣ್ಣ ಜ್ವರ. ಒಗ್ಗರಣೆ ವಾಸನೆ ಬಂದರೆ ಸಾಕು, ವಾಕರಿಕೆ. ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ನುಂಗಿದರು. ನಾಲ್ಕನೇ ದಿನ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಕಣ್ಣು ಹಳದಿಯಾಗಿದ್ದು ಅದಾದ ಮೇಲೆ. ಕಾಮಾಲೆ ಅಂತ ಊರಲ್ಲಿ ಯಾರೋ ಕೈಗೆ ಬರೆ ಹಾಕಿದರು. ಆ ಕಲೆ ಇನ್ನೂ ಇದೆ.

[ದೃಶ್ಯ: ಕಣ್ಣಿನ ಹತ್ತಿರದ ಚಿತ್ರ]

ಟ್ಯೂಬ್‌ಲೈಟ್ ಕೆಳಗೆ ಈ ಹಳದಿ ಸರಿಯಾಗಿ ಕಾಣಲ್ಲ. ಹಗಲು ಬೆಳಕಿಗೆ ಕರೆದುಕೊಂಡು ಬನ್ನಿ. ಕೆಳಗೆ ನೋಡಲು ಹೇಳಿ, ಮೇಲಿನ ರೆಪ್ಪೆ ಎತ್ತಿ ನೋಡಿ. ಅನುಮಾನ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಅಲ್ಲಿ ಎಲ್‌ಎಫ್‌ಟಿ, ಅಂದರೆ ಲಿವರ್ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ ಮಾಡುತ್ತಾರೆ. ಅದರಲ್ಲಿ ಎಸ್‌ಜಿಪಿಟಿ ಅಂತ ಒಂದು ಸಾಲು ಇರುತ್ತದೆ, ಅದು ಲಿವರ್‌ಗೆ ಏಟಾದರೆ ರಕ್ತದಲ್ಲಿ ಏರುವ ಕಿಣ್ವ. ಸಾಮಾನ್ಯವಾಗಿ 40ರ ಆಸುಪಾಸಿನೊಳಗೆ ಇರಬೇಕಾದ್ದು, ಲಿವರ್‌ಗೆ ಸೋಂಕು ತರುವ ಹೆಪಟೈಟಿಸ್ ವೈರಸ್ ಹೊಸದಾಗಿ ಬಂದಾಗ ಎಷ್ಟೋ ಸಲ ಸಾವಿರ ದಾಟುತ್ತದೆ. ಲಿವರ್‌ಗೆ ಏಟು ಬಿದ್ದಿದೆ ಅಂತ ಇದರಿಂದ ಗೊತ್ತಾಯಿತು. ಏಟು ಕೊಟ್ಟವರು ಯಾರು? ಅದಕ್ಕೆ ಹೆಪಟೈಟಿಸ್ ಎ, ಬಿ, ಸಿ, ಇ ವೈರಸ್‌ಗಳ ಪರೀಕ್ಷೆ ಬೇರೆ ಇದೆ. ಅದನ್ನು ಕೇಳಿ ಮಾಡಿಸಿ. ಸಿ ಸೋಂಕಿನ ಮೊದಲ ವಾರಗಳಲ್ಲಿ ಸಾಮಾನ್ಯ ಪರೀಕ್ಷೆ ನೆಗೆಟಿವ್ ಬರಬಹುದು. ಆಗ ವೈರಸ್‌ನ ಆರ್‌ಎನ್‌ಎ, ಅಂದರೆ ಅದರ ವಂಶವಾಹಿ ವಸ್ತುವನ್ನೇ ರಕ್ತದಲ್ಲಿ ಹುಡುಕಬೇಕಾಗುತ್ತದೆ.

ಚಿಕ್ಕಪ್ಪನಿಗೆ ಬಂದಿದ್ದು ಇ. ಎ ಮತ್ತು ಇ ಕೊಳಕು ನೀರು, ಆಹಾರದಿಂದ ಬರುತ್ತವೆ, ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗೇ ಹೋಗುತ್ತವೆ. ವಿಶ್ರಾಂತಿ, ಮನೆ ಊಟ, ಸಾಕಷ್ಟು ನೀರು. ಕುಡಿತ ಪೂರ್ತಿ ಬಂದ್. ಡಾಕ್ಟರನ್ನು ಕೇಳದೆ ನೋವಿನ ಮಾತ್ರೆ, ನಾಟಿ ಔಷಧಿ ಬೇಡ. ಕಾಮಾಲೆಗೆ ಒಳ್ಳೆಯದು ಅಂತ ರಸ್ತೆ ಬದಿ ಐಸ್ ಹಾಕಿದ ಕಬ್ಬಿನ ಹಾಲು ಕುಡಿಸುತ್ತಾರಲ್ವಾ? ಆ ಐಸ್‌ನ ನೀರು ಎಲ್ಲಿಯದು ಅಂತ ಒಮ್ಮೆ ಯೋಚಿಸಿ.

ಚಿಕ್ಕಪ್ಪ ಬರೆಯಿಂದಲೇ ಹುಷಾರಾದರು ಅಂತ ಊರಲ್ಲಿ ಈಗಲೂ ಹೇಳುತ್ತಾರೆ. ನನಗೆ ಸಂಕಟವಾಗೋದು ಅಲ್ಲೇ. ನಾಳೆ ಬಿ ಅಥವಾ ಸಿ ಬಂದವರೂ ಅದೇ ಬಾಗಿಲಿಗೆ ಹೋಗುತ್ತಾರೆ. ಅವು ರಕ್ತದ ಮೂಲಕ ಬರುತ್ತವೆ, ಬಿ ಲೈಂಗಿಕ ಸಂಪರ್ಕದಿಂದಲೂ ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೂ ಹರಡುತ್ತದೆ. ಹಳದಿ ಇಳಿದರೂ ಒಳಗೇ ಉಳಿದು ವರ್ಷಗಟ್ಟಲೆ ಲಿವರ್ ತಿನ್ನಬಹುದು. ಬಿ ಇದ್ದರೆ ಆರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಲೇಬೇಕು. ಸಿ ಆದರೆ ಸಾಮಾನ್ಯವಾಗಿ 12 ವಾರ ಮಾತ್ರೆ, ನೂರರಲ್ಲಿ 95ಕ್ಕೂ ಜಾಸ್ತಿ ಜನ ಪೂರ್ತಿ ವಾಸಿಯಾಗುತ್ತಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಬಿ, ಸಿ ಪರೀಕ್ಷೆ, ಔಷಧಿ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ.

[ದೃಶ್ಯ: ಮನೆ ಮುಂದೆ ಟ್ಯಾಂಕರ್, ಬಿಂದಿಗೆಗಳು]

ರೋಗಿ ಹಗಲೆಲ್ಲ ಮಂಪರಾಗಿದ್ದರೆ, ಮಾತು ತಡವರಿಸಿದರೆ, ಒಸಡಲ್ಲಿ ರಕ್ತ ಬಂದರೆ, ವಾಂತಿ ನಿಲ್ಲದಿದ್ದರೆ ರಾತ್ರಿಯಾದರೂ ಸರಿ, ಹೊರಡಿ.

ಚಿಕ್ಕಪ್ಪನ ಮನೆಯಲ್ಲಿ ಅದೇ ಟ್ಯಾಂಕರ್ ನೀರನ್ನು ಏಳು ತಿಂಗಳ ಗರ್ಭಿಣಿ ಸೊಸೆಯೂ ಕುಡಿಯುತ್ತಿದ್ದಳು. ಇ ವೈರಸ್ ಕೊನೆಯ ಮೂರು ತಿಂಗಳಲ್ಲಿ ಗರ್ಭಿಣಿಯ ಜೀವಕ್ಕೇ ಕುತ್ತು ತರಬಹುದು. ಚಿಕ್ಕಪ್ಪನ ರಿಪೋರ್ಟ್ ಬಂದ ದಿನವೇ ಚಿಕ್ಕಮ್ಮ ದೊಡ್ಡ ಪಾತ್ರೆ ಒಲೆಗಿಟ್ಟರು. ಈಗಲೂ ಆ ಮನೆಯಲ್ಲಿ ನೀರು ಕುದಿ ಬಂದ ಮೇಲೆ ಇನ್ನೊಂದೆರಡು ನಿಮಿಷ ಬಿಟ್ಟೇ ಇಳಿಸುತ್ತಾರೆ.